ಸರ್ವರ್ ಮುಚ್ಚಳ ತೆಗದ್ರ ಸಿಪಿಯು ಇನ್ನೂ ಜಾಸ್ತಿ ಕಾಯಾಕತ್ತೈತಿ, ಯಾಕ?

ಗದಗ_ಪ್ರೆಸ್:
ನಮಸ್ಕಾರ್ರಿ ಎಲ್ಲಾರ್ಗೂ. ಗದಗಿನಾಗ ನಮ್ಮದು ಆಫ್‌ಸೆಟ್ ಪ್ರೆಸ್ ಐತಿ, ಡಿಸೈನ್ ಫೈಲ್ ಇಡಾಕ ಒಂದು ಸೆಕೆಂಡ್ ಹ್ಯಾಂಡ್ ಒನ್ ಯೂ ಸೈಜಿನ ಚಪ್ಪಟಿ ಸರ್ವರ್ ತಗೊಂಡೇವಿ, ಎರಡು ಝಿಯಾನ್ ಪ್ರೊಸೆಸರಿಂದು. ಮುಂಜಾನಿ ಛಲೋ ಇರ್ತೈತಿ, ಮಧ್ಯಾಹ್ನ ಆತಂದ್ರ ಫ್ಯಾನ್ ಚೀರಾಕ ಹತ್ತತಾವ, ಎರಡನೇ ಸಿಪಿಯು 90 ಡಿಗ್ರಿ ದಾಟಿ ಸ್ಪೀಡ್ ತಾನ ಇಳಸ್ತೈತಿ, ಒಂದನೇದು 75ರ ಆಸುಪಾಸು. ಸಿಪಿಯು ಕಾವು ಎಳಕೊಳ್ಳೂ ಲೋಹದ ಹೀಟ್‌ಸಿಂಕ್ ಮ್ಯಾಲ ಫ್ಯಾನೇ ಇಲ್ಲ, ಬರೇ ತೆಳ್ಳನ ತಗಡಿನಂಥ ಫಿನ್ನು. ಮುಚ್ಚಳ ತೆಗದು ಟೇಬಲ್ ಫ್ಯಾನ್ ಹಚ್ಚಿದ್ರ ಇನ್ನೂ ಏರ್ತು. ಡೆಸ್ಕ್‌ಟಾಪ್ ಕೂಲರ್ ತಂದು ಕೂಡಸ್ಲೇನು?

ಹುಬ್ಳಿ_ರ‍್ಯಾಕ್:
ಬ್ಯಾಡ್ರಿ ಸರ. ಒನ್ ಯೂ ಅಂದ್ರ ಪೂರಾ ಡಬ್ಬಿ ಎತ್ತರಾನ 44 ಮಿಲಿಮೀಟರ್ ಚಿಲ್ಲರ, ಕೂಲರ್ ಎಲ್ಲಿ ಹಿಡೀತೈತಿ. ಡಿಸ್ಕಿನ ಹಿಂದ ಸಾಲಾಗಿ ಕುಂತಾವಲ್ಲ 40 ಮಿಲಿಮೀಟರಿನ ಸಣ್ಣ ಫ್ಯಾನು, ಅವೇ ನಿಮ್ಮ ಸಿಪಿಯು ಫ್ಯಾನು, ಜೋರ್ ಬಂದ್ರ 10 ಸಾವಿರ ಆರ್‌ಪಿಎಂ ದಾಟತಾವ, ಮುಂದಿಂದ ತಣ್ಣನ ಗಾಳಿ ಎಳದು ಫಿನ್ನಿನ ಸಂದ್ಯಾಗ ತೂರಿಸಿ ಹಿಂದ ಹೊರಗ ಹಾಕ್ತಾವ. ಫಿನ್ನು ಒತ್ತೊತ್ತಾಗಿ ಇರೂದ್ರಿಂದ ಗಾಳಿ ಒತ್ತಡದಾಗ ಬರಬೇಕು, ಮುಚ್ಚಳ ತೆಗದ್ರ ಒತ್ತಡ ಹೋತು, ತೂತು ಬಿದ್ದ ಪೈಪಿನ ತುದಿಗೆ ನೀರು ಬರದಂಗ ಫಿನ್ನಿಗೆ ಗಾಳೀನ ಮುಟ್ಟೂದಿಲ್ಲ. ಸಿಪಿಯು ಮ್ಯಾಲ ಕರೀ ಪ್ಲಾಸ್ಟಿಕ್ ಕವರ್ ಐತೇನು? ಏರ್ ಶ್ರೌಡ್ ಅಂತಾರ.

ಗದಗ_ಪ್ರೆಸ್:
ಇಲ್ರಿ ಅಣ್ಣಾರ, ಬಂದಾಗ್ಲೇ ಇರ್ಲಿಲ್ಲ.

ಹಾವೇರಿ_ನೆಟ್:
ಹಂಗಾರ ಮೊದಲನೇ ಕಾರಣ ಅದ. ಶ್ರೌಡ್ ಇಲ್ಲಂದ್ರ ಗಾಳಿ ಹೀಟ್‌ಸಿಂಕ್ ಬಿಟ್ಟು ಬಾಜೂದಿಂದ ಹೊಂಟ್ ಹೋಗ್ತೈತಿ. ಇನ್ನ ಎರಡನೇ ಸಿಪಿಯು ಮೊದಲನೇದರ ಹಿಂದ ಐತೇನು ನೋಡ್ರಿ, ಹಂಗಿದ್ರ ಅದಕ್ಕ ಸಿಗೂದು ಒಮ್ಮೆ ಕಾಯ್ದ ಗಾಳಿ, ಸ್ವಲ್ಪ ಫರಕ್ ಇದ್ದ ಇರ್ತೈತಿ, ಆದ್ರ 15 ಡಿಗ್ರಿ ಅಂದ್ರ ಸಿಪಿಯು ಕಾವು ಹೀಟ್‌ಸಿಂಕಿಗೆ ದಾಟಸಾಕ ನಡುವ ಹಚ್ಚಿರ್ತಾರಲ್ಲ ಥರ್ಮಲ್ ಪೇಸ್ಟ್, ಅದೂ ಒಣಗಿರಬೇಕು ಅನಸ್ತೈತಿ ನನಗ. ಮತ್ತ ಪ್ರೆಸ್ ಅಂದ್ರಿ, ಹಸೀ ಶಾಯಿ ಮ್ಯಾಲಿನ ಹಾಳಿಗೆ ಹತ್ತಬಾರ್ದು ಅಂತ ಸ್ಪ್ರೇ ಪೌಡರ್ ಹೊಡೀತೀರಲ್ಲ, ಆ ಪುಡಿ ಕಾಗದದ ಧೂಳಿನ ಜೋಡಿ ಬಂದು ಫಿನ್ನಿನ ಮುಂದಿನ ಅಂಚಿಗೆ ಬೆಳ್ಳಗ ಕಟ್ಟತೈತಿ. ಮ್ಯಾಲಿಂದ ನೋಡಿದ್ರ ಸ್ವಚ್ಛ ಕಾಣ್ತೈತಿ, ಫ್ಯಾನಿನ ಕಡಿಂದ ಟಾರ್ಚ್ ಬಿಟ್ಟು ನೋಡ್ರಿ. ಬ್ಲೋವರ್ ಹಿಂದಿಂದ ಮುಂದಕ್ಕ ಹೊಡೀರಿ, ಹೊಡಿಯೂ ಮುಂದ ಫ್ಯಾನಿನ ರೆಕ್ಕಿ ಬೆರಳಿಂದ ಹಿಡೀರಿ, ಇಲ್ಲಂದ್ರ ಬೇರಿಂಗ್ ಹೋಗ್ತೈತಿ. ಹಳೇ ಪೇಸ್ಟ್ ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ವರಸಿ ಹೊಸಾದು ಹಚ್ರಿ, ಸ್ಕ್ರೂ ಎದುರುಬದರು ಸ್ವಲ್ಪ ಸ್ವಲ್ಪ ಬಿಗೀರಿ.

ಹುಬ್ಳಿ_ರ‍್ಯಾಕ್:
ಹಾವೇರಿಯವ್ರು ಹೇಳಿದ್ದು ಖರೆ. ರೂಮಿನ ಬಗ್ಗೇನೂ ವಿಚಾರ ಮಾಡ್ರಿ. ಸರ್ವರ್ ಮುಂದ ಬರೂ ಗಾಳಿ 18ರಿಂದ 27 ಡಿಗ್ರಿ ಇರ್ಲಿ ಅಂತ ಆಶ್ರೇ ಅನ್ನೂ ಅಮೆರಿಕದ ಏರ್ ಕಂಡೀಷನಿಂಗ್ ಎಂಜಿನಿಯರ್‌ಗಳ ಸಂಘದ ಶಿಫಾರಸು ಐತಿ, ನಮ್ಮ ಕಡೆ ಏಪ್ರಿಲ್ ಮಧ್ಯಾಹ್ನ ಹೊರಗ 38 ಇರ್ತೈತಿ. ಫ್ಯಾನ್ ಜೋರ್ ಮಾಡಿ ನೀಗಸ್ತೀನಿ ಅಂದ್ರ ಸ್ಪೀಡ್ ಎರಡ್ಪಟ್ಟಿಗೆ ಕರೆಂಟು ಸುಮಾರು ಎಂಟ್ಪಟ್ಟು ಎಳೀತೈತಿ. ಪ್ರಿಂಟಿಂಗ್ ಮಷಿನ್ ಇರೂ ಕ್ವಾಣಿ ಬಿಟ್ಟು ಬ್ಯಾರೆ ಕಡೆ ಇಡ್ರಿ, ಹಿಂದಿನ ಗ್ವಾಡಿಗೆ ಹತ್ತಸಬ್ಯಾಡ್ರಿ.

ಗದಗ_ಪ್ರೆಸ್:
ಟಾರ್ಚ್ ಬಿಟ್ಟು ನೋಡಿದ್ನಿ, ಅರ್ಧ ಫಿನ್ನು ಪುಡಿಯಿಂದ ಮುಚ್ಚೇತ್ರಿ. ಶ್ರೌಡ್ ಬರೂತನಕ ರಟ್ಟಿಂದು ಮಾಡಿ ಹಾಕ್ಲೇನು?

ಹಾವೇರಿ_ನೆಟ್:
ರಟ್ಟು ಬ್ಯಾಡ್ರಿ, ಬಿಸೀ ಜಾಗಾ ಅದು, ಫ್ಯಾನಿಗೆ ಸಿಕ್ರ ಮತ್ತ ತ್ರಾಸ. ಪಾಲಿಕಾರ್ಬೊನೇಟ್ ಶೀಟ್ ಕತ್ತರಿಸಿ ಫ್ಯಾನಿನಿಂದ ಹೀಟ್‌ಸಿಂಕ್ ತನಕ ಎರಡೂ ಬಾಜೂ ಗ್ವಾಡಿ ಕಟ್ರಿ, ಮುಚ್ಚಳ ಹಾಕ್ರಿ. ಶ್ರೌಡಿನ ಪಾರ್ಟ್ ನಂಬರ್ ನಿಮ್ಮ ಮಾಡೆಲ್ಲಿನ ಸರ್ವಿಸ್ ಮ್ಯಾನ್ಯುಯಲ್‌ನಾಗ ಇರ್ತೈತಿ, ಅದನ್ನ ನೋಡೇ ತರಸ್ರಿ, ಬ್ಯಾರೆ ಮಾಡೆಲ್ಲಿಂದು ಕೂಡೂದಿಲ್ಲ.