ಗೇರುಹಣ್ಣು, ಹಳೆ ಕುಕ್ಕರು ಮತ್ತು ವಿನಾಯಕನ ಬ್ರಾಂಡಿ

ವಿನಾಯಕಾ, ನಿನ್ನ ಮೆಸೇಜು ಬೆಳಿಗ್ಗೆಯೇ ನೋಡಿದೆ. ಬೇಲಿ ಸಾಲಿನ ಗೇರುಹಣ್ಣೆಲ್ಲ ಉದುರಿ ಕೊಳೆಯುತ್ತಿದೆ, ಬೀಜ ತೆಗೆದುಕೊಂಡು ಹಣ್ಣು ಎಸೆಯುವುದಕ್ಕೆ ಮನಸ್ಸು ಬರುತ್ತಿಲ್ಲ, ಹಳೆ ಕುಕ್ಕರಿನ ಸೀಟಿ ತೆಗೆದು ಅಲ್ಲಿಗೆ ತಾಮ್ರದ ನಳಿಗೆ ಸಿಕ್ಕಿಸಿ ಮನೆಯಲ್ಲೇ ಬ್ರಾಂಡಿ ಇಳಿಸಬಹುದಾ, ಗೋವಾದ ವಾಳ್ಪೈಯಲ್ಲಿರುವ ಅತ್ತೆಗೆ, ಅಂದರೆ ನನಗೆ, ಗೊತ್ತಿರುತ್ತದೆ ಅಂತ ಬರೆದಿದ್ದೀಯ. ಕೆಳಗೆ ಅಣ್ಣ ಮೂರು ನಗುವ ಮುಖ ಹಾಕಿದ್ದಾನೆ. ನಗು ಅಣ್ಣ, ನಗು. ಟೈಪ್ ಮಾಡುತ್ತಾ ಕೂತರೆ ಸಂಜೆಯಾಗುತ್ತದೆ, ಅದಕ್ಕೆ ಫೋನಿಗೆ ಮಾತಾಡಿಯೇ ಬರೆಸುತ್ತಿದ್ದೇನೆ. ಉದ್ದ ಆದರೆ ಬೈಯಬೇಡಿ.

ಮೊದಲೇ ಹೇಳಿಬಿಡುತ್ತೇನೆ, ಕುಕ್ಕರ್ ಬೇಡ. ಯಾಕೆ ಅಂತ ಆಮೇಲೆ.

ಇಲ್ಲಿ ಸತ್ತರಿ ತಾಲೂಕಿನಲ್ಲಿ ಮಾರ್ಚ್ ಬಂತೆಂದರೆ ಗಾಳಿಗೇ ಗೇರುಹಣ್ಣಿನ ವಾಸನೆ. ನಾನು ಮದುವೆಯಾಗಿ ಬಂದ ಹೊಸತರಲ್ಲಿ ಅಮ್ಮನಿಗೆ ಪತ್ರ ಬರೆದಿದ್ದೆ, ಇಲ್ಲಿ ಊರೂರಲ್ಲೂ ಫೇಣಿ ಮಾಡುತ್ತಾರೆ ಅಂತ. ಅಮ್ಮ ಹಾಲು ಸಕ್ಕರೆ ಹಾಕಿ ತಿನ್ನುವ ಫೇಣಿ ಅಂದುಕೊಂಡು, ಬರುವಾಗ ಒಂದು ಡಬ್ಬಿ ತಾ ಅಂದಿದ್ದಳು! ಇಲ್ಲಿಯ ಫೇಣಿ ಅಂದರೆ ಗೇರುಹಣ್ಣಿನ ಮದ್ಯ. ಕೊಂಕಣಿಯಲ್ಲಿ ಫೆಣ್ ಅಂದರೆ ನೊರೆ. ಹೆಸರು ಅದರಿಂದಲೇ ಬಂತು ಅಂತ ಇಲ್ಲಿಯವರು ಹೇಳುತ್ತಾರೆ. ಗೇರುಮರ ನಮ್ಮದಲ್ಲ, ಪೋರ್ಚುಗೀಸರು ಬ್ರೆಜಿಲ್‌ನಿಂದ ತಂದದ್ದು. ಅದಕ್ಕೂ ಮುಂಚೆ ಇಲ್ಲಿ ಇಳಿಸುತ್ತಿದ್ದದ್ದು ತೆಂಗಿನ ಕಳ್ಳಿನಿಂದ.

ನಮ್ಮ ಮನೆಯಿಂದ ಎರಡು ತಿರುವು ದಾಟಿದರೆ ಒಂದು ಭಟ್ಟಿ ಇದೆ. ಪರವಾನಗಿ ಇರುವ ಭಟ್ಟಿ. ಹಣ್ಣನ್ನು ಮರದಿಂದ ಕೀಳುವುದಿಲ್ಲ, ತಾನಾಗಿ ಬಿದ್ದದ್ದನ್ನು ಮಾತ್ರ ಆರಿಸುತ್ತಾರೆ. ಬೀಜ ತಿರುವಿ ತೆಗೆದು, ಬಂಡೆಯಲ್ಲಿ ಕೊರೆದ ತೊಟ್ಟಿಗೆ ಸುರಿದು ಕಾಲಲ್ಲಿ ತುಳಿಯುತ್ತಾರೆ. ಆ ರಸವನ್ನು ಮಡಕೆಯಲ್ಲಿ ಎರಡು ಮೂರು ದಿನ ಇಟ್ಟರೆ ತಾನೇ ಹುಳಿಯುತ್ತದೆ. ಈಸ್ಟು ಗೀಸ್ಟು ಏನೂ ಹಾಕುವುದಿಲ್ಲ, ಹಣ್ಣಿನ ಸಿಪ್ಪೆಯಲ್ಲಿರುವುದೇ ಸಾಕು. ಬಗ್ಗಿ ಕಿವಿ ಕೊಟ್ಟರೆ ಸೊರ್ ಸೊರ್ ಅಂತ ಸದ್ದು ಕೇಳುತ್ತದೆ.

ಆಮೇಲೆ ತಾಮ್ರದ ದೊಡ್ಡ ಹಂಡೆ, ಅದಕ್ಕೆ ಭಾಣ್ ಅನ್ನುತ್ತಾರೆ. ಬಾಯಿಗೆ ಮುಚ್ಚಳ ಕೂರಿಸಿ ಸಂದಿಗೆ ಬಟ್ಟೆ ಸುತ್ತಿ ಹುತ್ತದ ಮಣ್ಣು ಮೆತ್ತುತ್ತಾರೆ. ಕೆಳಗೆ ಸೌದೆ ಬೆಂಕಿ. ಆವಿ ನಳಿಗೆಯಲ್ಲಿ ಹೋಗಿ ತಣ್ಣೀರು ಸುರಿಯುವ ಇನ್ನೊಂದು ಮಡಕೆಯಲ್ಲಿ ಇಳಿಯುತ್ತದೆ. ಆ ಮಡಕೆ ಲಾವ್ಣಿ. ಭಟ್ಟಿಯ ಮುದುಕಪ್ಪ ಸಣ್ಣ ಸ್ಟೂಲು ಹಾಕಿಕೊಂಡು ಅದರ ಪಕ್ಕದಲ್ಲೇ ಕೂತಿರುತ್ತಾನೆ, ಸೌಟಿನಲ್ಲಿ ನೀರು ಹಾಕುತ್ತಾ, ಬೆಂಕಿಯಿಂದ ಒಂದು ಕೊಳ್ಳಿ ಹಿಂದಕ್ಕೆ ಎಳೆಯುತ್ತಾ. ಬೆಂಕಿ ಜೋರಾದರೆ ರಸವೇ ಉಕ್ಕಿ ಬಂದು ಎಲ್ಲ ಹಾಳು. ಊಟಕ್ಕೆ ಕರೆದರೂ ಏಳುವುದಿಲ್ಲ.

ಮೊದಲ ಸಲ ಇಳಿದದ್ದು ಉರಾಕ್, ಶೇಕಡಾ 15ರ ಆಚೀಚೆ ಮದ್ಯಸಾರ. ಇದು ಸೀಸನ್‌ನಲ್ಲೇ ಮುಗಿಯಬೇಕು. ಲಿಂಬು, ಉಪ್ಪು, ಸೀಳಿದ ಹಸಿಮೆಣಸು, ಲಿಮ್ಕಾ ಹಾಕಿ ಕುಡಿಯುತ್ತಾರೆ. ಉರಾಕ್‌ಗೆ ಮತ್ತೆ ಹುಳಿರಸ ಸೇರಿಸಿ ಇನ್ನೊಮ್ಮೆ ಇಳಿಸಿದರೆ ಫೇಣಿ, ಶೇಕಡಾ 42ರ ಹತ್ತಿರ. 2009ರಲ್ಲಿ ಇದಕ್ಕೆ ಜಿಐ, ಅಂದರೆ ಇದು ಈ ಊರಿನದೇ ಅನ್ನುವ ಸರಕಾರಿ ಗುರುತು, ಸಿಕ್ಕಿತು, ನಮ್ಮ ಮೈಸೂರು ಮಲ್ಲಿಗೆಗೆ ಸಿಕ್ಕ ಹಾಗೆ.

ಈಗ ನಿನ್ನ ಕುಕ್ಕರಿಗೆ ಬರೋಣ. ನೀನು ನೋಡಿದ ವಿಡಿಯೋದಲ್ಲಿ, ಮೊದಲ ಲೋಟ ಚೆಲ್ಲಿಬಿಟ್ಟರೆ ವಿಷವೆಲ್ಲ ಹೋಯಿತು ಅಂದನಂತೆ. ಅದು ಅರ್ಧ ಮಾತು. ಹಣ್ಣಿನಲ್ಲಿ ಪೆಕ್ಟಿನ್ ಇರುತ್ತದೆ, ಜಾಮ್ ಗಟ್ಟಿಯಾಗುವುದು ಅದರಿಂದಲೇ ಅಲ್ವಾ. ಹುಳಿಯುವಾಗ ಅದರಿಂದ ಸ್ವಲ್ಪ ಮಿಥನಾಲ್ ಹುಟ್ಟುತ್ತದೆ. ಅದು 65 ಡಿಗ್ರಿಗೆ ಕುದಿಯುತ್ತದೆ, ಮದ್ಯಸಾರ 78ಕ್ಕೆ. ಹಾಗಂತ ಮಿಥನಾಲ್ ಶಿಸ್ತಾಗಿ ಮೊದಲು ಬಂದು ಹೊರಟುಹೋಗುವುದಿಲ್ಲ, ಕೊನೆಯ ತನಕ ಸ್ವಲ್ಪ ಸ್ವಲ್ಪ ಬರುತ್ತಲೇ ಇರುತ್ತದೆ. ಮೊದಲ ಲೋಟ ಚೆಲ್ಲುವುದು ಮುಖ್ಯವಾಗಿ ಮೂಗಿಗೆ ಹೊಡೆಯುವ ಆ ಘಾಟಿಗೆ. ನಿಜ ಹೇಳಬೇಕೆಂದರೆ ಬರೀ ಹಣ್ಣಿನಿಂದ ಬರುವ ಮಿಥನಾಲ್ ಕಡಿಮೆಯೇ. 2015ರಲ್ಲಿ ಮುಂಬೈಯ ಮಾಲ್ವಣಿಯಲ್ಲಿ ನೂರರಷ್ಟು ಜನ ಸತ್ತದ್ದು ಕಾರ್ಖಾನೆಯ ಮಿಥನಾಲ್ ಬೆರೆಸಿದ್ದರಿಂದ, ಹಣ್ಣಿನಿಂದಲ್ಲ.

ನನಗೆ ಹೆದರಿಕೆ ಬೆಂಕಿಯದು. ಆ ಆವಿ ಸೋರಿ ಗ್ಯಾಸ್ ಒಲೆಯ ಉರಿ ಮುಟ್ಟಿದರೆ ಅಡಿಗೆಮನೆಯೇ ಹತ್ತಿಕೊಳ್ಳುತ್ತದೆ. ನಳಿಗೆಯಲ್ಲಿ ಹಣ್ಣಿನ ನಾರು ಸಿಕ್ಕಿಕೊಂಡಿತೋ, ಕುಕ್ಕರ್ ಬಾಂಬೇ. ಬೆಸುಗೆಯಲ್ಲಿ ಸೀಸ ಇದ್ದರೆ ಅದೂ ಹೊಟ್ಟೆಗೆ. ಭಟ್ಟಿ ಯಾವಾಗಲೂ ಮನೆಯಿಂದ ದೂರ, ತೆರೆದ ಗುಡಿಸಲಿನಲ್ಲಿ ಇರುವುದು ಸುಮ್ನೆ ಅಲ್ಲ. ಅದು ಬಿಟ್ಟರೂ ಕಾನೂನು ಇದೆ. ಇಲ್ಲಿ ಅಬಕಾರಿಯವರು ಪ್ರತಿ ಸೀಸನ್‌ಗೆ ಭಟ್ಟಿ ಇಳಿಸುವ ಹಕ್ಕನ್ನು ಜಾಗವಾರು ಹರಾಜು ಹಾಕುತ್ತಾರೆ. ನಿಮ್ಮ ಶಿರಸಿಯಲ್ಲಿ 1965ರ ಅಬಕಾರಿ ಕಾಯ್ದೆ. ಪರವಾನಗಿ ಇಲ್ಲದೆ ಇಳಿಸಿದರೆ ಕೇಸು, ಒಂದು ಲೋಟವಾದರೂ. ಅಣ್ಣ ಈಗ ನಗುತ್ತಿದ್ದಾನೆ, ಜಾಮೀನಿಗೆ ಓಡುವವನೂ ಅವನೇ.

ನಾನೇನು ದೊಡ್ಡ ಜಾಣೆ ಅಂತಲ್ಲ. ಮದುವೆಯಾಗಿ ಬಂದ ವರ್ಷ ಗೇರುರಸವನ್ನು ಪ್ಲಾಸ್ಟಿಕ್ ಬಾಟಲಿಗೆ ತುಂಬಿ ಮುಚ್ಚಳ ಬಿಗಿದು ಕಪಾಟಿನಲ್ಲಿ ಇಟ್ಟಿದ್ದೆ, ಜ್ಯೂಸ್ ಇಟ್ಟ ಹಾಗೆ. ಮಾರನೆ ರಾತ್ರಿ ಎರಡು ಗಂಟೆಗೆ ಢಂ. ನಿಮ್ಮ ಮಾವ ಕಳ್ಳ ಬಂದ ಅಂತ ಕೋಲು ಹಿಡಿದು ಎದ್ದರು. ಸೀಲಿಂಗಿನ ಆ ಕಂದು ಕಲೆಯ ಮೇಲೆ ಎರಡು ಸಲ ಬಣ್ಣ ಹೊಡೆಸಿದ್ದೇವೆ, ಮಳೆಗಾಲದಲ್ಲಿ ಈಗಲೂ ಮೂಡುತ್ತದೆ.

ಹಣ್ಣು ಎಸೆಯಬೇಡ. ನೀರೋ ಮಾಡು, ಅಂದರೆ ಹುಳಿ ಬರಿಸದ ತಾಜಾ ಗೇರುರಸ. ಜಜ್ಜಿದ ಹಣ್ಣನ್ನು ತೆಳು ಬಟ್ಟೆಯಲ್ಲಿ ಕಟ್ಟಿ, ಮೇಲೆ ಒಂದು ಭಾರದ ಕಲ್ಲು ಹೇರಿ, ಕೆಳಗೆ ಪಾತ್ರೆ ಇಡು. ಹಿಂಡಬಾರದು, ತಾನಾಗಿ ತೊಟ್ಟಿಕ್ಕಬೇಕು. ಸ್ಟೀಲು ಅಥವಾ ಮಣ್ಣಿನ ಪಾತ್ರೆ ಇರಲಿ. ಚಿಟಿಕೆ ಉಪ್ಪು ಹಾಕಿ ಅವತ್ತೇ ಕುಡಿದು ಮುಗಿಸಿ. ನಾಳೆಗೆ ಇಟ್ಟರೆ ನನ್ನ ಸೀಲಿಂಗ್ ಕಥೆ.

ಬ್ರಾಂಡಿಯೇ ಬೇಕು ಅಂದರೆ ಅಂಗಡಿಯದನ್ನು ತಾ, ನೆಗಡಿಗೆ ಅಂತ ಅಜ್ಜಿ ಕಪಾಟಿನಲ್ಲಿ ಇಟ್ಟಿರುತ್ತಿದ್ದಳಲ್ಲ, ಆ ಹೆಸರೇ ಹೇಳು. 750 ಮಿಲಿ ಬಾಟಲಿಗೆ ಸಿಪ್ಪೆ ತೆಗೆದ ಬನವಾಸಿ ಅನಾನಸ್ 400 ಗ್ರಾಂ, ಸಕ್ಕರೆ 100 ಗ್ರಾಂ, ಒಂದು ತುಂಡು ದಾಲ್ಚಿನ್ನಿ. ಗಾಜಿನ ಭರಣಿಯಲ್ಲಿ ಹಾಕಿ ಕತ್ತಲಲ್ಲಿ ಇಡು. ಹಣ್ಣು ಪೂರ್ತಿ ಮುಳುಗಿರಲಿ. ಎರಡು ದಿನಕ್ಕೊಮ್ಮೆ ಅಲುಗಾಡಿಸು, ಮೂರು ವಾರಕ್ಕೆ ಸೋಸು. ಸೋಸಿದ ಅನಾನಸ್ ತುಂಡು ಮಕ್ಕಳ ಕೈಗೆ ಸಿಗದ ಹಾಗೆ ನೋಡಿಕೊ, ಅದೂ ಮದ್ಯ ಹೀರಿಕೊಂಡಿರುತ್ತದೆ.

ಭಟ್ಟಿ ನೋಡಬೇಕಿದ್ದರೆ ಮೇ ಮೊದಲ ವಾರದೊಳಗೆ ಬಾ, ಆಮೇಲೆ ಬೆಂಕಿ ಆರಿಸುತ್ತಾರೆ. ಮುದುಕಪ್ಪನಿಗೆ ಹೇಳಿಟ್ಟಿದ್ದೇನೆ, ತುಳಿಯುವುದಕ್ಕೂ ಬಿಡುತ್ತಾನಂತೆ. ಬಿಳಿ ಪಂಚೆ ಉಟ್ಟು ಬರಬೇಡ, ಗೇರಿನ ಕಲೆ ಯಾವ ಸೋಪಿಗೂ ಹೋಗುವುದಿಲ್ಲ. ಮತ್ತೆ ಅತ್ತಿಗೆಗೆ ಹೇಳು, ಬರುವಾಗ ಅಪ್ಪೆಮಿಡಿ ಉಪ್ಪಿನಕಾಯಿ ಕಳಿಸಲಿ, ನಮ್ಮದು ಖಾಲಿಯಾಗಿದೆ.