ಹಮ್ತಾ ಪಾಸ್‌ಗೆ ಹೊರಟಿದ್ದೇವೆ, ಹೊಳೆ ದಾಟಿದವರು ಅನುಭವ ಹೇಳ್ತೀರಾ?

ಪ್ರಶ್ನೆ: ಜುಲೈ ಮೊದಲ ವಾರ ನಾನು, ಅಕ್ಕ, ಅಕ್ಕನ ಹದಿನಾರು ವರ್ಷದ ಮಗ ಮನಾಲಿ ಹತ್ತಿರದ ಹಮ್ತಾ ಪಾಸ್ (ಬೆಟ್ಟಸಾಲು ದಾಟುವ ಎತ್ತರದ ದಾರಿ) ಟ್ರೆಕ್‌ಗೆ ಹೊರಟಿದ್ದೇವೆ. ಆಮೇಲೆ ಟ್ರೆಕ್ ಮುಗಿಯುವ ಛತ್ರುವಿನಿಂದ ಜೀಪಿನಲ್ಲಿ ಚಂದ್ರತಾಲ್ ಕೆರೆಗೆ. ಕುಮಾರಪರ್ವತ ಹತ್ತಿದ್ದೇವೆ, ಹಿಮಾಲಯ ಮಾತ್ರ ಹೊಸದು. ಅಕ್ಕನಿಗೆ ನೀರೆಂದರೆ ಭಯ. ಹೋಗಿ ಬಂದವರು ದಯವಿಟ್ಟು ಹೇಳಿ.

ಉತ್ತರ: ನಿಮ್ಮ ಅಕ್ಕ ಹೆದರುವುದರಲ್ಲಿ ತಪ್ಪಿಲ್ಲ ಮೇಡಂ. ನಾನು ಎರಡು ಸಲ ಹೋಗಿದ್ದೇನೆ. ಪಾಸ್ ಹತ್ತುವಾಗ ಏದುಸಿರು ಬಂತು, ಅಷ್ಟೆ. ಎದೆ ನಡುಗಿದ್ದು ಹೊಳೆಯ ಮುಂದೆ.

ನಮ್ಮ ಕಡೆ ಮಳೆ ಬಂದರೆ ಹೊಳೆ ಏರುತ್ತದೆ. ಅಲ್ಲಿ ಬಿಸಿಲು ಬಿದ್ದರೂ ಏರುತ್ತದೆ. ರಾತ್ರಿಯ ಚಳಿಗೆ ಮೇಲಿನ ಹಿಮ ಕರಗುವುದು ಕಡಿಮೆ, ಹಾಗಾಗಿ ಬೆಳಗಿನ ಜಾವ ನೀರು ಇಳಿದಿರುತ್ತದೆ. ಮಧ್ಯಾಹ್ನ ಕಳೆದ ಮೇಲೆ ತುಂಬಿಕೊಂಡು ಬರುತ್ತದೆ. ಹಿಮ ದೂರ ಇದ್ದಷ್ಟೂ ನೀರು ಏರುವುದು ತಡ, ಕೆಲವು ಕಡೆ ಸಂಜೆಗೇ ಜಾಸ್ತಿ.

ಮೊದಲ ಸಲ, ಪಾಸ್ ಇಳಿದ ಮೇಲೆ ಸಿಗುವ ಶಿಯಾಗೋರು ಕ್ಯಾಂಪಿನಿಂದ ನಾವು ಹೊರಟಿದ್ದೇ ತಡವಾಗಿ. ಬಿಸಿಲು ಚೆನ್ನಾಗಿ ಏರಿತ್ತು. ಹೊಳೆ ಬೂದಿ ಕದಡಿದ ಹಾಲಿನ ಹಾಗಿತ್ತು, ತಳ ಕಾಣುತ್ತಿರಲಿಲ್ಲ. ಹಿಮನದಿ ಬಂಡೆಯನ್ನು ಅರೆದು ಹಿಟ್ಟು ಮಾಡುತ್ತದೆ, ಆ ಹಿಟ್ಟಿನದೇ ಬಣ್ಣ ಅದು. ನೀರಿನೊಳಗೆ ಕಲ್ಲು ಉರುಳುವ ಸದ್ದು, ಗಟಗಟ ಅಂತ. ಆ ಸದ್ದು ಕೇಳಿದರೆ ಇಳಿಯಲೇಬೇಡಿ. ನಾವು ಇಳಿದೆವು. ನೀರು ತೊಡೆ ಮುಟ್ಟಿತು, ಗೆಳೆಯನೊಬ್ಬ ಕಾಲು ಜಾರಿ ಬಿದ್ದ. ಗೈಡ್ ಅವನ ಬ್ಯಾಗಿನ ಪಟ್ಟಿ ಹಿಡಿದು ಎಳೆದರು. ಎರಡನೇ ಸಲ ಅದೇ ಜಾಗದಲ್ಲಿ ಬೆಳಿಗ್ಗೆ ಆರಕ್ಕೆ ದಾಟಿದೆವು. ನೀರು ಮೊಣಕಾಲಿನ ಕೆಳಗೇ ಇತ್ತು!

ದಾಟುವ ಮೊದಲು ಬ್ಯಾಗಿನ ಸೊಂಟದ ಪಟ್ಟಿ ಬಿಚ್ಚಿ. ಬಿದ್ದರೆ ಬ್ಯಾಗ್ ಕಳಚಿಕೊಳ್ಳಬಹುದು, ಇಲ್ಲದಿದ್ದರೆ ಅದೇ ಕೆಳಗೆ ಎಳೆಯುತ್ತದೆ. ಹೊಳೆ ಅಗಲವಾಗಿ ಹರಡಿಕೊಂಡ ಜಾಗ ಹುಡುಕಿ. ಕಿರಿದಾದ ಕಡೆ ದಾಟುವುದು ಸುಲಭ ಅನ್ನಿಸುತ್ತದೆ, ಆದರೆ ಆಳವೂ ಸೆಳೆತವೂ ಅಲ್ಲೇ ಜಾಸ್ತಿ. ಮೂವರೂ ತೋಳಿಗೆ ತೋಳು ಹೆಣೆದುಕೊಳ್ಳಿ, ಅಕ್ಕ ಮಧ್ಯೆ ಇರಲಿ. ಹರಿದು ಬರುವ ನೀರಿಗೆ ಮುಖ ಮಾಡಿ, ಒಂದು ಕಾಲು ಗಟ್ಟಿಯಾಗಿ ಊರಿದ ಮೇಲೇ ಇನ್ನೊಂದನ್ನು ಎತ್ತಿ.

ಉತ್ತರ: ನೀರಿನ ವಿಷಯ ಮೇಲೆ ಹೇಳಿದ್ದಾರೆ. ನನಗೆ ನಿಮ್ಮ ಹುಡುಗನದ್ದೇ ಯೋಚನೆ. ಈ ವಯಸ್ಸಿನವರು ಎತ್ತರಕ್ಕೆ ತಲೆನೋವು ಬಂದರೆ ಬಾಯಿ ಬಿಡುವುದಿಲ್ಲ. ನನ್ನ ತಮ್ಮ ಪಾಸ್ ಹತ್ತುವ ಮೊದಲಿನ ಬಾಲು ಕಾ ಘೇರಾ ಕ್ಯಾಂಪಿನಲ್ಲಿ ಊಟ ಬೇಡ ಅಂದ, ಸುಮ್ನೆ ಮಲಗಿದ. ಸುಸ್ತಿರಬೇಕು ಅಂದುಕೊಂಡೆವು. ರಾತ್ರಿ ವಾಂತಿ ಶುರುವಾಯಿತು. ಬೆಳಕು ಹರಿಯುತ್ತಿದ್ದಂತೆ ಕೆಳಗಿನ ಚಿಕಾ ಕ್ಯಾಂಪಿಗೆ ಇಳಿಸಿದೆವು, ಮಧ್ಯಾಹ್ನಕ್ಕೆ ಅವನೇ ಕೇಳಿ ಊಟ ಮಾಡಿದ. ನಮ್ಮ ಟ್ರೆಕ್ ಅಲ್ಲಿಗೇ ಮುಗಿಯಿತು, ಅದಕ್ಕೆ ಬೇಸರವಿಲ್ಲ.

ಪಾಸ್ ಇರುವುದು ಸುಮಾರು 4,270 ಮೀಟರ್ ಎತ್ತರದಲ್ಲಿ. ಸಮುದ್ರಮಟ್ಟದಲ್ಲಿ ಸಿಗುವ ಆಮ್ಲಜನಕದಲ್ಲಿ ಅಲ್ಲಿ ಸಿಗುವುದು ಶೇ. 60ರಷ್ಟು. ಮನಾಲಿಯಲ್ಲಿ ಎರಡು ರಾತ್ರಿ ಇದ್ದು ಹೊರಡಿ. ತಲೆನೋವಿನ ಜೊತೆ ವಾಂತಿ, ನಡೆಯುವಾಗ ತೂರಾಟ ಕಂಡರೆ ಕೆಳಗಿಳಿಯುವುದೇ ಮದ್ದು. ಎತ್ತರದ ತೊಂದರೆಗೆ ಕೊಡುವ ಡಯಾಮಾಕ್ಸ್ ಮಾತ್ರೆ ತೆಗೆದುಕೊಳ್ಳುವ ಹಾಗಿದ್ದರೆ ಊರಲ್ಲೇ ವೈದ್ಯರನ್ನು ಕೇಳಿ. ಸಲ್ಫಾ ಔಷಧಿ ಆಗದವರಿದ್ದರೆ ಅದನ್ನು ಮೊದಲೇ ಹೇಳಿ.

ಉತ್ತರ: ಛತ್ರುವಿನಿಂದ ಚಂದ್ರತಾಲ್‌ಗೆ ಹೋಗುವಾಗಲೂ ಬೆಳಿಗ್ಗೆ ಬೇಗ ಹೊರಡಿ. ಬಾತಲ್‌ವರೆಗೆ ನಾಲಾಗಳು, ಅಂದರೆ ಬೆಟ್ಟದ ತೊರೆಗಳು, ರಸ್ತೆಯ ಮೇಲೇ ಹರಿಯುತ್ತವೆ. ಮಧ್ಯಾಹ್ನದ ಮೇಲೆ ಜೀಪು ಕೂಡ ನಿಲ್ಲುತ್ತದೆ. ನಾವು ಒಂದು ನಾಲಾದ ದಡದಲ್ಲಿ ಮೂರು ಗಂಟೆ ಕಾದಿದ್ದೇವೆ. ಕೆರೆಯ ದಂಡೆಯಲ್ಲಿ ಟೆಂಟ್ ಹಾಕಲು ಬಿಡುವುದಿಲ್ಲ, ಕ್ಯಾಂಪ್ ಸ್ವಲ್ಪ ದೂರ. ಸಂಜೆ ನಡೆಯಬೇಕು, ಬೆಚ್ಚನೆಯ ಬಟ್ಟೆ ಕೈಗೆ ಸಿಗುವ ಹಾಗಿರಲಿ.

ದಾರಿಯುದ್ದಕ್ಕೂ ಜೊತೆಗಿರುವುದು ಚಂದ್ರಾ ನದಿ. ಬಾರಾ ಶಿಗ್ರಿ ಹಿಮನದಿಯ ನೀರು ಸೇರುವುದು ಇದಕ್ಕೇ. ಮುಂದೆ ತಾಂಡಿಯಲ್ಲಿ ಭಾಗಾ ಜೊತೆ ಕೂಡಿ ಚಂದ್ರಭಾಗಾ, ಅಂದರೆ ಚೆನಾಬ್ ಆಗುತ್ತದೆ. ಒಂದು ದಿನ ಹೆಚ್ಚಿಗೆ ಇದ್ದರೆ ಕುಂಜುಮ್ ಪಾಸ್‌ವರೆಗೂ ಹೋಗಿ ಬನ್ನಿ. ಆಚೆ ಬದಿಯ ನೀರು ಸ್ಪಿತಿ ನದಿಗೆ ಇಳಿದು ಸಟ್ಲೆಜ್ ಸೇರುತ್ತದೆ. ಒಂದೇ ದಿಣ್ಣೆಯ ಮೇಲೆ ನಿಂತು ಎರಡು ನದಿಗಳ ಕಣಿವೆ ನೋಡುವುದು ನನಗಂತೂ ತುಂಬಾ ಇಷ್ಟವಾಯಿತು.

ಪ್ರಶ್ನೆ ಕೇಳಿದವರು: ಎಲ್ಲರಿಗೂ ಧನ್ಯವಾದ. ಅಕ್ಕನಿಗೆ ಓದಿ ಹೇಳಿದೆ. ಬೆಳಿಗ್ಗೆ ಆರಕ್ಕೆ ನೀರು ಕೊರೆಯುತ್ತದೆ ಅಲ್ವಾ? ಶೂ ಹಾಕಿಕೊಂಡೇ ದಾಟಬಹುದಾ?

ಮೊದಲು ಉತ್ತರಿಸಿದವರು: ಕೊರೆಯುತ್ತದೆ. ಮೊದಲು ಸೂಜಿ ಚುಚ್ಚಿದ ಹಾಗೆ, ಆಮೇಲೆ ಪಾದ ಇದೆಯೋ ಇಲ್ಲವೋ ತಿಳಿಯುವುದಿಲ್ಲ. ಆದರೂ ಶೂ ಒದ್ದೆ ಮಾಡಬೇಡಿ, ಛತ್ರುವಿಗೆ ಇಳಿಯುವ ದಾರಿ ಇನ್ನೂ ಉದ್ದ ಇದೆ. ಬರಿಗಾಲೂ ಬೇಡ, ಕಲ್ಲು ಕಾಣುವುದಿಲ್ಲ. ಹಿಂದೆ ಪಟ್ಟಿ ಇರುವ ಸ್ಯಾಂಡಲ್ ಒಯ್ಯಿರಿ. ಚಿಕ್ಕ ಟವೆಲ್ ಮತ್ತು ಒಣ ಸಾಕ್ಸ್ ಬ್ಯಾಗಿನ ಮೇಲ್ಭಾಗದಲ್ಲಿ ಇಡಿ. ದಾಟಿದ ಕೂಡಲೇ ಮೊದಲು ಅಕ್ಕನ ಕಾಲು ಉಜ್ಜಿ ಒರೆಸಿ, ಆಮೇಲೆ ನಿಮ್ಮದು.