ಸಹಾಯ ಬೇಕು: ಎಂಟರ್ ಒತ್ತಿದರೆ ಬೇರೆ ಬಟನ್‌ಗೆ ಕ್ಲಿಕ್ ಹೋಗುತ್ತಿದೆ
ಫಾರ್ಮ್‌ನಲ್ಲಿ ಎರಡು ಸಬ್ಮಿಟ್ ಬಟನ್‌ಗಳಿವೆ: ಮೊದಲು 'ಡ್ರಾಫ್ಟ್ ಉಳಿಸಿ', ಆಮೇಲೆ 'ಕಳುಹಿಸಿ'. ಮೌಸ್‌ನಲ್ಲಿ ಎಲ್ಲ ಸರಿ. ಇನ್‌ಪುಟ್‌ನಲ್ಲಿ ಎಂಟರ್ ಒತ್ತಿದರೆ ಮಾತ್ರ ಡ್ರಾಫ್ಟ್‌ನ ಕ್ಲಿಕ್ ಹ್ಯಾಂಡ್ಲರ್ (ಕ್ಲಿಕ್ ಆದಾಗ ಓಡುವ ಕೋಡ್) ಓಡುತ್ತದೆ; ನನಗೆ ಬೇಕಿರುವುದು 'ಕಳುಹಿಸಿ'. ಎಚ್‌ಟಿಎಂಎಲ್ ಕ್ರಮದಲ್ಲಿ ಮೊದಲು ಸಿಗುವ ಸಬ್ಮಿಟ್ ಬಟನ್ನನ್ನೇ ಬ್ರೌಸರ್ ಒತ್ತುತ್ತದೆ ಅನ್ನೋದು ಗೊತ್ತು. ಈವೆಂಟ್‌ನ ಸಬ್ಮಿಟರ್ (ಯಾವ ಬಟನ್‌ನಿಂದ ಸಬ್ಮಿಟ್ ಆಯಿತು ಎಂಬ ಮಾಹಿತಿ) ಕೂಡ ಡ್ರಾಫ್ಟ್ ಬಟನ್ನನ್ನೇ ತೋರಿಸುತ್ತಿದೆ. ಅದೇ ಫಾರ್ಮ್‌ನಲ್ಲಿರುವ 'ಸಾಲು ಅಳಿಸಿ' ಬಟನ್‌ಗಳಿಗೆ ಟೈಪ್ 'ಬಟನ್' ಅಂತ ಕೊಟ್ಟಾಗಿದೆ (ಕೊಡದಿದ್ದರೆ ಅವೂ ಸಬ್ಮಿಟ್ಟೇ!), ಹಾಗಾಗಿ ತೊಂದರೆ ಅಲ್ಲಿಲ್ಲ.

ಎಚ್‌ಟಿಎಂಎಲ್‌ನಲ್ಲಿ ಕ್ರಮ ಬದಲಿಸಿ ಸಿಎಸ್‌ಎಸ್‌ನ ರೋ-ರಿವರ್ಸ್ (ಸಾಲನ್ನು ಉಲ್ಟಾ ಕ್ರಮದಲ್ಲಿ ತೋರಿಸುವುದು) ಹಾಕಿದರೆ ಎಂಟರ್ ಸರಿಹೋಗುತ್ತದೆ, ಆದರೆ ಟ್ಯಾಬ್ ಕಣ್ಣಿಗೆ ಕಾಣುವ ಕ್ರಮಕ್ಕೆ ಉಲ್ಟಾ ಓಡುತ್ತದೆ. ಕೀಡೌನ್ (ಕೀ ಒತ್ತಿದಾಗಿನ ಈವೆಂಟ್) ಹಿಡಿದು, ಕೋಡ್‌ನಿಂದಲೇ ಫಾರ್ಮ್ ಸಬ್ಮಿಟ್ ಮಾಡುವ ರಿಕ್ವೆಸ್ಟ್‌ಸಬ್ಮಿಟ್‌ಗೆ 'ಕಳುಹಿಸಿ' ಬಟನ್ ಕೊಡಬಹುದು. ಆಗ ಹಲವು ಸಾಲು ಬರೆಯುವ ಟೆಕ್ಸ್ಟ್‌ಏರಿಯಾವನ್ನು ಹೊರಗಿಡಬೇಕು, ಕನ್ನಡ ಟೈಪಿಂಗ್ ನಡುವೆ ಬರುವ ಎಂಟರ್‌ಗಾಗಿ ಈಸ್‌ಕಂಪೋಸಿಂಗ್ (ಪದ ಇನ್ನೂ ಟೈಪ್ ಆಗುತ್ತಿದೆಯೇ ಎಂದು ಹೇಳುವ ಗುರುತು) ಕೂಡ ನೋಡಬೇಕು. ಇಷ್ಟೆಲ್ಲ ಸರ್ಕಸ್ ಇಲ್ಲದೆ, ಟ್ಯಾಬ್ ಕ್ರಮ ಕೆಡಿಸದೆ ಮಾಡುವ ದಾರಿ ಯಾರಿಗಾದರೂ ಗೊತ್ತಾ?